ಪುರಭವನದ ನವೀಕರಣ: ಕಾಮಗಾರಿಯ ಲೆಕ್ಕ, ಬಳಕೆಯ ಲೆಕ್ಕ

ಬಾಯಾರಿದ ದಾರಿಹೋಕರಿಗೆ ಮರದ ಕೆಳಗಿನ ಕಟ್ಟೆಯಲ್ಲಿ ಕುಳಿತು ನೀರು ಕೊಡುತ್ತಿದ್ದ ಅಪ್ಪಣ್ಣನೆಂಬವನ ಹೆಸರಿನಿಂದ ಹಂಪನಕಟ್ಟೆಗೆ ಆ ಹೆಸರು ಬಂದಿತೆಂದು ಮಂಗಳೂರಿನಲ್ಲಿ ಪ್ರತೀತಿಯಿದೆ. ಕಥೆಯ ಐತಿಹಾಸಿಕ ಸತ್ಯಾಸತ್ಯತೆ ಏನೇ ಇರಲಿ, ವ್ಯಾಪಾರಿಗಳಿಗೆ ಅದರಲ್ಲೊಂದು ತಥ್ಯವಿದೆ. ಜನರು ನಿಲ್ಲಲು ಒಂದು ನೆಪವಿದ್ದ ಕಡೆ ಪೇಟೆ ಬೆಳೆಯುತ್ತದೆ; ನೆಪ ಇಲ್ಲವಾದರೆ ಪೇಟೆ ಸ್ಥಳ ಬದಲಿಸುತ್ತದೆ. ಹಂಪನಕಟ್ಟೆಯಲ್ಲಿ ಹೀಗೆ ಜನರನ್ನು ನಿಲ್ಲಿಸುತ್ತಿದ್ದ ಹಲವು ನೆಪಗಳು ಕಳೆದ ಮೂರು ದಶಕಗಳಲ್ಲಿ ಒಂದೊಂದಾಗಿ ಕರಗಿವೆ. ಸರ್ವಿಸ್ ಬಸ್ಸುಗಳ ನಿಲ್ದಾಣ ಸ್ಟೇಟ್ ಬ್ಯಾಂಕ್ ಬಳಿಗೆ ಹೋಯಿತು. ಸುತ್ತಲಿದ್ದ ಏಕಪರದೆಯ ಚಿತ್ರಮಂದಿರಗಳಲ್ಲಿ ಬಹುತೇಕ ಬಾಗಿಲು ಹಾಕಿದವು. ಸೆಂಟ್ರಲ್ ಮಾರ್ಕೆಟ್ 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾರಣದಿಂದ ಮುಚ್ಚಿತು; ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಸ್ಥಳಾಂತರವಾಯಿತು; ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಕಡೆಗೆ ಹಳೆಯ ಕಟ್ಟಡವನ್ನೇ ಕೆಡವಲಾಯಿತು.

ಇವೆಲ್ಲದರ ನಡುವೆ ನಿಂತಲ್ಲೇ ನಿಂತಿರುವ ಒಂದು ಸಾರ್ವಜನಿಕ ಕಟ್ಟಡವೆಂದರೆ, ಗಡಿಯಾರ ಗೋಪುರದಿಂದ ನಡಿಗೆಯ ದೂರದಲ್ಲಿರುವ ಪುರಭವನ. ಇಂದು ಅದು ಕುದ್ಮುಲ್ ರಂಗರಾವ್ ಪುರಭವನ. ಕಾಸರಗೋಡಿನಲ್ಲಿ 1859ರಲ್ಲಿ ಜನಿಸಿ, ಮಂಗಳೂರಿನಲ್ಲಿ ವಕೀಲರಾಗಿದ್ದು, ಶೋಷಿತ ಸಮುದಾಯಗಳ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸರ್ವಸ್ವವನ್ನೂ ಮುಡಿಪಾಗಿಟ್ಟು 1928ರಲ್ಲಿ ನಿಧನರಾದ ಮಹನೀಯರ ಹೆಸರು ಈ ಭವನಕ್ಕೆ ಇದೆ. ಬಾಗಿಲೊಳಗೆ ಬರಲು ಯಾರಿಗೆ ಅರ್ಹತೆಯಿದೆ ಎಂಬ ಪ್ರಶ್ನೆಯನ್ನೇ ಜೀವಮಾನವಿಡೀ ಎದುರಿಸಿದವರ ಹೆಸರು ಹೊತ್ತ ಕಟ್ಟಡದಲ್ಲಿ ಬಾಡಿಗೆಯ ಪ್ರಶ್ನೆಯು ಕೇವಲ ಬಾಡಿಗೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸ್ವಾತಂತ್ರ್ಯಾನಂತರದ ಆರಂಭದ ದಶಕಗಳಲ್ಲಿ ನಮ್ಮ ನಗರಗಳು ಕಟ್ಟಿಸಿದ ಪುರಭವನ, ರಂಗಮಂದಿರ, ಮಾರುಕಟ್ಟೆ, ಗ್ರಂಥಾಲಯಗಳದ್ದು ಒಂದೇ ಕುಲ. ಕಮಾನು, ಶಿಖರ, ಕೆತ್ತನೆಗಳ ಅಲಂಕಾರ ಇವಕ್ಕಿಲ್ಲ. ಕಾಂಕ್ರೀಟಿನ ಕಂಬ, ತೊಲೆ, ಚಪ್ಪಟೆ ಛಾವಣಿ, ಬಿಸಿಲು ತಡೆಯಲು ಸಜ್ಜೆ, ಗಾಳಿಗೆ ಜಾಲಂಧ್ರ, ಇಷ್ಟೇ. ವಾಸ್ತುಶಿಲ್ಪಿಗಳು ಇದನ್ನು ಆಧುನಿಕತಾ ಶೈಲಿ ಎನ್ನುತ್ತಾರೆ. ಸಾಮಾನ್ಯ ಜನ 'ಹಳೇ ಪಿಡಬ್ಲ್ಯುಡಿ ಕಟ್ಟಡ' ಎನ್ನುತ್ತಾರೆ. ಈ ಕುಲದ ಕಟ್ಟಡಗಳಿಗೆ ಈಗ ಐವತ್ತು, ಅರವತ್ತು ವರ್ಷ. ಪ್ರಾಚೀನ ಸ್ಮಾರಕಗಳ ಕುರಿತಾದ 1958ರ ಕೇಂದ್ರ ಕಾಯಿದೆಯ ರಕ್ಷಣೆಗೆ ಕನಿಷ್ಠ ನೂರು ವರ್ಷ ತುಂಬಿರಬೇಕು. ಅಂದರೆ ಮುದುಕನಾಗುವಷ್ಟು ವಯಸ್ಸಾಗಿದೆ, ಪಿಂಚಣಿ ಸಿಗುವಷ್ಟು ಆಗಿಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ವಿನ್ಯಾಸಗೊಳಿಸಿ ಮಹೇಂದ್ರ ರಾಜ್ ರಚನಾ ತಾಂತ್ರಿಕತೆ ಒದಗಿಸಿದ, 1972ರ ವಾಣಿಜ್ಯ ಮೇಳಕ್ಕಾಗಿ ಎದ್ದ ಹಾಲ್ ಆಫ್ ನೇಷನ್ಸ್ 2017ರ ಏಪ್ರಿಲ್‌ನಲ್ಲಿ ನೆಲಸಮವಾದದ್ದು ಈ ಕಂದಕದಲ್ಲಿ ಬಿದ್ದೇ.

ಪುಸ್ತಕದಲ್ಲಿ ಸೊನ್ನೆ, ಪೇಟೆಯಲ್ಲಿ ಸೊನ್ನೆಯಲ್ಲ

ಕೆಡವುವ ನಿರ್ಧಾರದ ಹಿಂದೆ ಅನೇಕ ವೇಳೆ ಒಂದು ಲೆಕ್ಕದ ಭ್ರಮೆಯಿರುತ್ತದೆ. ಆದಾಯ ತೆರಿಗೆಯಲ್ಲಿ ಸಾಮಾನ್ಯ ವ್ಯಾಪಾರಿ ಕಟ್ಟಡಕ್ಕೆ ಅನ್ವಯಿಸುವ ಶೇ. 10ರ ಇಳಿಕೆ ಪದ್ಧತಿಯ ಸವಕಳಿಯನ್ನು ಹಾಕುತ್ತ ಹೋದರೆ, 10 ಲಕ್ಷ ರೂಪಾಯಿಗಳ ಕಟ್ಟಡ ಅರವತ್ತು ವರ್ಷಗಳ ಬಳಿಕ ಪುಸ್ತಕದಲ್ಲಿ ಸುಮಾರು 1,800 ರೂಪಾಯಿಗಳಾಗಿ ಉಳಿಯುತ್ತದೆ. ಈ ಅಂಕಿಯನ್ನು ನೋಡಿ 'ಇದರ ಆಯುಷ್ಯ ಮುಗಿಯಿತು' ಎಂದು ತೀರ್ಮಾನಿಸುವವರಿದ್ದಾರೆ. ಸವಕಳಿಯು ಹೂಡಿದ ಹಣವನ್ನು ವರ್ಷಗಳಿಗೆ ಹಂಚುವ ವಿಧಾನವೇ ಹೊರತು ಕಟ್ಟಡದ ಆರೋಗ್ಯ ತಪಾಸಣೆಯ ವರದಿಯಲ್ಲ. ಬಂದರು ಪ್ರದೇಶದಲ್ಲಿ ಪುಸ್ತಕ ಮೌಲ್ಯ ಏನೂ ಇಲ್ಲದ ಗೋದಾಮುಗಳಲ್ಲಿ ಇಂದಿಗೂ ವ್ಯಾಪಾರ ನಡೆಸುತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸತು ಕಟ್ಟುವ ಅಂದಾಜು ಪಟ್ಟಿಯಲ್ಲಿ ಕಾಣದ ಬಾಬ್ತುಗಳೂ ಇವೆ. ಕೆಡವಿದ ದಿನದಿಂದ ಮರಳಿ ತೆರೆಯುವ ದಿನದವರೆಗೆ ಸುತ್ತಲಿನ ಅಂಗಡಿಗಳು ಕಳೆದುಕೊಳ್ಳುವ ವ್ಯಾಪಾರ ಅವುಗಳಲ್ಲೊಂದು. ಮಾರುಕಟ್ಟೆ ಸ್ಥಳಾಂತರವಾದಾಗ ಮಾಲು ಲಾರಿಯಲ್ಲಿ ಬೈಕಂಪಾಡಿಗೆ ಹೋಗಬಹುದು. ನಲವತ್ತು ವರ್ಷದ ಗಿರಾಕಿ ಹಿಂದೆಯೇ ಹೋಗುತ್ತಾನೆಂಬ ಭರವಸೆಯಿಲ್ಲ. ಈ ನಷ್ಟ ಗುತ್ತಿಗೆದಾರರ ಬಿಲ್ಲಿನಲ್ಲೂ ಬರುವುದಿಲ್ಲ, ಪಾಲಿಕೆಯ ಆಯವ್ಯಯದಲ್ಲೂ ಬರುವುದಿಲ್ಲ. ಹಂಪನಕಟ್ಟೆಯ ಹಳೆಯ ಗಡಿಯಾರ ಗೋಪುರದ ಕಥೆಯೂ ಇಲ್ಲಿ ನೆನೆಯತಕ್ಕದ್ದು. 1960ರ ದಶಕದಲ್ಲಿ ಎದ್ದ ಆ ಗೋಪುರವನ್ನು ವಾಹನ ಸಂಚಾರಕ್ಕೆ ಅಡ್ಡಿಯೆಂದು 1990ರ ದಶಕದಲ್ಲಿ ಕೆಡವಲಾಯಿತು. ನಂತರ ಸ್ಮಾರ್ಟ್ ಸಿಟಿ ಯೋಜನೆಯಡಿ ಅಲ್ಲಿಯೇ ಮತ್ತೊಂದು ಗೋಪುರವನ್ನು ಕಟ್ಟಲಾಯಿತು. ಒಂದೇ ವಸ್ತುವಿಗೆ ನಗರವು ಎರಡು ಬಾರಿ ಕ್ರಯ ತೆತ್ತ ಈ ವ್ಯವಹಾರವನ್ನು ಯಾವ ಖಾಸಗಿ ಸಂಸ್ಥೆಯ ಲೆಕ್ಕಪರಿಶೋಧಕನೂ ಟಿಪ್ಪಣಿ ಬರೆಯದೆ ಬಿಡುತ್ತಿರಲಿಲ್ಲ.

ಪುರಭವನದ ಮಟ್ಟಿಗೆ ನಗರವು ಕೆಡವುವ ದಾರಿ ಹಿಡಿಯದೆ ನವೀಕರಣದ ದಾರಿ ಹಿಡಿದದ್ದು ಸರಿಯಾದ ನಿರ್ಧಾರವೇ. 2010ರ ದಶಕದ ಮಧ್ಯಭಾಗದಲ್ಲಿ ಮಹಾನಗರಪಾಲಿಕೆಯು ಕೋಟಿಗಟ್ಟಲೆ ಹಣ ವಿನಿಯೋಗಿಸಿ ಹವಾನಿಯಂತ್ರಣ, ಹೊಸ ಆಸನ ಮೊದಲಾದ ಸೌಕರ್ಯಗಳೊಂದಿಗೆ ಭವನವನ್ನು ಮತ್ತೆ ತೆರೆಯಿತು. ತೆರೆದ ಬೆನ್ನಿಗೇ ಬಾಡಿಗೆ ದುಬಾರಿಯಾಯಿತೆಂಬ ದೂರು ರಂಗತಂಡಗಳಿಂದ, ಸಂಘಟಕರಿಂದ ಕೇಳಿಬಂದಿತು. ಇದನ್ನು ಕಲಾವಿದರ ಗೊಣಗಾಟವೆಂದೋ ಪಾಲಿಕೆಯ ದುರಾಸೆಯೆಂದೋ ತಳ್ಳಿಹಾಕುವುದು ಸುಲಭ. ಎರಡೂ ಅಲ್ಲ. ನವೀಕರಣವು ಕಟ್ಟಡದ ರೂಪವನ್ನು ಮಾತ್ರವಲ್ಲ, ಅದರ ವೆಚ್ಚದ ಸ್ವರೂಪವನ್ನೇ ಬದಲಿಸುತ್ತದೆ. ಜಾಲಂಧ್ರ, ಫ್ಯಾನುಗಳಿಂದ ನಡೆಯುವ ಸಭಾಂಗಣದಲ್ಲಿ ಕಾರ್ಯಕ್ರಮವಿಲ್ಲದ ದಿನ ಹೆಚ್ಚುಕಡಿಮೆ ಖರ್ಚಿಲ್ಲ. ಹವಾನಿಯಂತ್ರಣ ಯಂತ್ರ, ಜನರೇಟರ್, ಲಿಫ್ಟು, ಧ್ವನಿ ಬೆಳಕಿನ ಉಪಕರಣಗಳಿರುವ ಸಭಾಂಗಣದಲ್ಲಿ ಬಾಗಿಲು ಮುಚ್ಚಿದ ದಿನವೂ ವಿದ್ಯುತ್ತಿನ ನಿಗದಿತ ಶುಲ್ಕ, ವಾರ್ಷಿಕ ನಿರ್ವಹಣಾ ಒಪ್ಪಂದ, ತಂತ್ರಜ್ಞರ ಸಂಬಳ ಓಡುತ್ತಲೇ ಇರುತ್ತವೆ. ಚಲ ವೆಚ್ಚದ ಕಟ್ಟಡವು ಸ್ಥಿರ ವೆಚ್ಚದ ಕಟ್ಟಡವಾಗುತ್ತದೆ. ಕೈಮಗ್ಗದವನು ವಿದ್ಯುತ್ ಮಗ್ಗ ಹಾಕಿದಂತೆ. ಮಗ್ಗ ಓಡಿದರಷ್ಟೇ ಲಾಭ.

ಮಳೆಯ ಕೆಳಗಿನ ಕಾಂಕ್ರೀಟು

ಬಳಕೆಯ ಲೆಕ್ಕಕ್ಕೆ ಮುನ್ನ ಕಟ್ಟಡದ ದೇಹದ ಕುರಿತು ಒಂದು ಮಾತು ಅವಶ್ಯ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ಕಡಲಿನ ಉಪ್ಪುಗಾಳಿ. 1860ರ ದಶಕದಲ್ಲಿ ಬಾಸೆಲ್ ಮಿಶನ್ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಜಗತ್ಪ್ರಸಿದ್ಧವಾಯಿತು; ಇಳಿಜಾರು ಮಾಡು ಈ ಮಳೆಗೆ ಹೇಳಿ ಮಾಡಿಸಿದ್ದು. ಚಪ್ಪಟೆ ಕಾಂಕ್ರೀಟ್ ಛಾವಣಿ ಅಂಥದ್ದಲ್ಲ. ಕರಾವಳಿಯಲ್ಲಿ ಟೆರೇಸು ಕಟ್ಟಿಸಿದವರು ಹತ್ತು ವರ್ಷದೊಳಗೆ ಅದರ ಮೇಲೆ ತಗಡಿನ ಶೀಟು ಹೊದಿಸುವುದನ್ನು ಎಲ್ಲ ಬೀದಿಗಳಲ್ಲೂ ಕಾಣಬಹುದು.

ಕಾಂಕ್ರೀಟ್ ಕೆಡುವ ಕ್ರಮ ನಿಧಾನ, ಆದರೆ ನಿಶ್ಚಿತ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಸೇರಿ ಕಾಂಕ್ರೀಟಿನ ಕ್ಷಾರಗುಣ ಕುಗ್ಗುತ್ತದೆ. ಉಪ್ಪಿನಂಶ ಕಬ್ಬಿಣದ ಸರಳನ್ನು ತಲುಪುತ್ತದೆ. ಸರಳು ತುಕ್ಕು ಹಿಡಿದು ಹಿಗ್ಗುತ್ತದೆ. ಹಿಗ್ಗಿದ ಸರಳು ಮೇಲಿನ ಪದರವನ್ನು ಒಡೆದು ಉದುರಿಸುತ್ತದೆ. ಸರಳಿನ ಮೇಲೆ ಎಷ್ಟು ದಪ್ಪ ಕಾಂಕ್ರೀಟಿನ ಹೊದಿಕೆಯಿದೆ ಎಂಬುದೇ ಇಲ್ಲಿ ನಿರ್ಣಾಯಕ. ಭಾರತೀಯ ಮಾನಕ 456ರ 2000ದ ಆವೃತ್ತಿಯು ತೀವ್ರ ಪರಿಸರಕ್ಕೆ 45 ಮಿಲಿಮೀಟರ್ ಹೊದಿಕೆ ಮತ್ತು ಎಂ-30 ದರ್ಜೆಯ ಕಾಂಕ್ರೀಟನ್ನು ವಿಧಿಸಿದೆ. 1960ರ ದಶಕದಲ್ಲಿ ಇಷ್ಟನ್ನು ಯಾರೂ ಹಾಕುತ್ತಿರಲಿಲ್ಲ. ಒಂದು, ಎರಡು, ನಾಲ್ಕರ ಪ್ರಮಾಣದ ಸಿಮೆಂಟು, ಮರಳು, ಜಲ್ಲಿಯ ಮಿಶ್ರಣವೇ ಅಂದಿನ ರೂಢಿ. ಆದುದರಿಂದ ಈ ಕಾಲದ ಕಟ್ಟಡಗಳ ನವೀಕರಣದಲ್ಲಿ ಮೊದಲ ರೂಪಾಯಿ ಛಾವಣಿ ಮತ್ತು ಸರಳಿನ ತಪಾಸಣೆಗೆ ಹೋಗಬೇಕು. ಎರಡನೆಯದು ಅಗ್ನಿಶಾಮಕ ವ್ಯವಸ್ಥೆ ಮತ್ತು ನಿರ್ಗಮನ ದ್ವಾರಗಳಿಗೆ. ಮೂರನೆಯದು ಇಳಿಜಾರು ಹಾದಿ, ಶೌಚಾಲಯಗಳಿಗೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸಾರ್ವಜನಿಕ ಕಟ್ಟಡಗಳಿಗೆ ಈ ಕೊನೆಯದನ್ನು ಕಡ್ಡಾಯಗೊಳಿಸಿದೆ. ಮುಂಭಾಗದ ಹೊಳಪು, ಫಾಲ್ಸ್ ಸೀಲಿಂಗು, ಗ್ರಾನೈಟುಗಳ ಸರದಿ ಆಮೇಲೆ. ಉದ್ಘಾಟನೆಯ ಛಾಯಾಚಿತ್ರದಲ್ಲಿ ಕಾಣುವುದು ಮಾತ್ರ ಈ ಕೊನೆಯ ಬಾಬ್ತೇ ಆದುದರಿಂದ, ಸರದಿ ಆಗಾಗ ತಲೆಕೆಳಗಾಗುತ್ತದೆ.

ತಲೆಕೆಳಗಾದರೆ ಏನಾಗಬಹುದೆಂಬುದಕ್ಕೆ ನೆರೆಯ ಗೋವಾದ ಅನುಭವ ಕಣ್ಣ ಮುಂದಿದೆ. ಪಣಜಿಯಲ್ಲಿ ಮಾಂಡೋವಿ ನದಿಯ ದಡದಲ್ಲಿರುವ ಕಲಾ ಅಕಾಡೆಮಿಯು ಚಾರ್ಲ್ಸ್ ಕೊರಿಯ ಅವರ ಹೆಸರಾಂತ ಕೃತಿ. 1980ರ ದಶಕದ ಆರಂಭದಲ್ಲಿ ಪೂರ್ಣಗೊಂಡದ್ದು. ಮಂಗಳೂರಿನಂತೆಯೇ ಮಳೆ, ಮಂಗಳೂರಿನಂತೆಯೇ ಉಪ್ಪುಗಾಳಿ. ಅಲ್ಲಿ 2021ರಲ್ಲಿ ಕೈಗೊಂಡ ನವೀಕರಣವನ್ನು ಟೆಂಡರ್ ಕರೆಯದೆ ನಾಮನಿರ್ದೇಶನದ ಮೂಲಕ ವಹಿಸಲಾಯಿತೆಂಬ ವಿವಾದವೆದ್ದಿತು. ವೆಚ್ಚ ಐವತ್ತು ಕೋಟಿ ರೂಪಾಯಿ ದಾಟಿತು. 2023ರ ಜುಲೈನಲ್ಲಿ, ಮಳೆಗಾಲದ ನಡುವೆ, ಬಯಲು ರಂಗಮಂದಿರದ ಛಾವಣಿಯ ಭಾಗ ಕುಸಿದುಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಸಂಕೀರ್ಣ ಮತ್ತೆ ತೆರೆದರೂ ಧ್ವನಿ, ಬೆಳಕು, ಸೋರಿಕೆಗಳ ಬಗ್ಗೆ ಕಲಾವಿದರ ಆಕ್ಷೇಪಗಳು ನಿಲ್ಲಲಿಲ್ಲ. ಕಡೆಗೆ 2024ರಲ್ಲಿ ಸರಕಾರವು ಕಲಾವಿದರನ್ನು ಒಳಗೊಂಡ ಕಾರ್ಯಪಡೆಯೊಂದನ್ನು ನೇಮಿಸಬೇಕಾಯಿತು. ಬಳಸುವವರನ್ನು ಕಾಮಗಾರಿಯ ಮೊದಲು ಕೇಳಬೇಕಾದದ್ದನ್ನು ನಂತರ ಕೇಳಲಾಯಿತು. ನಡುವಿನ ಎರಡು ವರ್ಷ ಕೊಂಕಣಿ ತಿಯಾತ್ರ್ ತಂಡಗಳು ರಾಜಧಾನಿಯ ತಮ್ಮ ಮುಖ್ಯ ರಂಗವಿಲ್ಲದೆ ಕಳೆದವು.

ಇದಕ್ಕೆ ವಿರುದ್ಧವಾದ ಉದಾಹರಣೆ ಪ್ಯಾರಿಸ್ಸಿನದು. 1937ರ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಕಟ್ಟಿದ ಪ್ಯಾಲೆ ದ ಟೋಕಿಯೊ ಪಾಳುಬಿದ್ದಾಗ, ಲಕಾತೊಂ ಮತ್ತು ವಸ್ಸಾಲ್ ಎಂಬ ವಾಸ್ತುಶಿಲ್ಪಿ ಜೋಡಿ ಸೀಮಿತ ಹಣದಲ್ಲಿ ಅದನ್ನು ಮರಳಿ ಬಳಕೆಗೆ ತಂದಿತು. ರಚನೆಯ ಭದ್ರತೆ ಮತ್ತು ಸುರಕ್ಷತೆಗೆ ಬೇಕಾದಷ್ಟನ್ನು ಮಾಡಿ, ಗೋಡೆಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟರು. 2002ರಲ್ಲಿ ಸಮಕಾಲೀನ ಕಲಾ ಕೇಂದ್ರವಾಗಿ ತೆರೆದ ಆ ಕಟ್ಟಡ ಮಧ್ಯಾಹ್ನದಿಂದ ಮಧ್ಯರಾತ್ರಿಯವರೆಗೆ ತೆರೆದಿರುವುದಕ್ಕೇ ಪ್ರಸಿದ್ಧಿ ಪಡೆಯಿತು. ಅದೇ ಜೋಡಿಗೆ 2021ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಪುರಸ್ಕಾರವಾದ ಪ್ರಿಟ್ಜ್‌ಕರ್ ದೊರೆಯಿತು. ಪ್ಯಾರಿಸ್ಸಿನ ಪ್ರವಾಸಿಗರ ಸಂಖ್ಯೆ ಮಂಗಳೂರಿಗೆ ಬಾರದು, ನಿಜ. ಆದರೆ ಗೋಡೆಯ ಮೇಲೆ ಕಡಿಮೆ ಖರ್ಚು ಮಾಡಿ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುವುದಕ್ಕೆ ಪ್ಯಾರಿಸ್ಸೇ ಆಗಬೇಕಾಗಿಲ್ಲ.

ಸಂಜೆ ಎಂಬ ಸರಕು

ಸಭಾಂಗಣ ಮಾರುವ ಸರಕು ಸಂಜೆ. ಅದು ದಕ್ಕೆಯ ಬಂಗುಡೆಗಿಂತಲೂ ಬೇಗ ಕೆಡುವ ಮಾಲು. ಬಂಗುಡೆಯನ್ನಾದರೂ ಮಂಜುಗಡ್ಡೆಯಲ್ಲಿಟ್ಟು ಮರುದಿನ ಮಾರಬಹುದು. ಖಾಲಿ ಉಳಿದ ಸಂಜೆಗೆ ದಾಸ್ತಾನು ಪುಸ್ತಕವಿಲ್ಲ.

ತತ್ತ್ವವನ್ನು ಸ್ಪಷ್ಟಪಡಿಸಲು ಕೆಲವು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳಬಹುದು. ಇವು ಯಾವುದೇ ನಿರ್ದಿಷ್ಟ ಭವನದ ಲೆಕ್ಕಗಳಲ್ಲ. ನವೀಕೃತ ಸಭಾಂಗಣವೊಂದರ ವಾರ್ಷಿಕ ಸ್ಥಿರ ವೆಚ್ಚ 60 ಲಕ್ಷ ರೂಪಾಯಿ, ದುರಸ್ತಿ ನಿಧಿಗೆ ತೆಗೆದಿಡುವ ಮೊತ್ತ 30 ಲಕ್ಷ, ಒಟ್ಟು 90 ಲಕ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 120 ದಿನ ಮಾತ್ರ ಕಾರ್ಯಕ್ರಮವಾದರೆ ದಿನವೊಂದಕ್ಕೆ ಬೀಳುವ ಸ್ಥಿರ ವೆಚ್ಚವೇ 75,000. 240 ದಿನವಾದರೆ 37,500. ಬಾಡಿಗೆ ನಿಗದಿಪಡಿಸುವ ಅಧಿಕಾರಿ ಮೊದಲ ಅಂಕಿಯನ್ನು ನೋಡಿ ಬಾಡಿಗೆ ಏರಿಸುತ್ತಾರೆ. ಏರಿಸಿದೊಡನೆ ಹವ್ಯಾಸಿ ತಂಡಗಳು ದೂರ ಸರಿದು 120 ದಿನ 90ಕ್ಕೆ ಇಳಿಯುತ್ತದೆ. ಆಗ ದಿನದ ವೆಚ್ಚ ಒಂದು ಲಕ್ಷವಾಗುತ್ತದೆ. ಬಾಡಿಗೆಯನ್ನು ಇನ್ನಷ್ಟು ಏರಿಸುವುದಕ್ಕೆ ಕಡತದಲ್ಲಿ ಸಮರ್ಥನೆಯೂ ಸಿದ್ಧವಾಗುತ್ತದೆ. ವೆಚ್ಚಾಧಾರಿತ ಬೆಲೆಯ ಈ ಬಲೆಯಲ್ಲಿ ಸಿಕ್ಕಿ ನಷ್ಟಕ್ಕಿಳಿದ ಸಣ್ಣ ಕೈಗಾರಿಕೆಗಳು ಬೈಕಂಪಾಡಿಯಲ್ಲೂ ಯೆಯ್ಯಾಡಿಯಲ್ಲೂ ಇಲ್ಲದಿಲ್ಲ.

ಈಗ ಇದನ್ನೇ ಕೊಡುಗೆಯ ದೃಷ್ಟಿಯಿಂದ, ಅಂದರೆ ಬಾಡಿಗೆಯಲ್ಲಿ ಆ ದಿನದ ಚಲ ವೆಚ್ಚ ಕಳೆದು ಉಳಿಯುವ ಮೊತ್ತದ ದೃಷ್ಟಿಯಿಂದ ನೋಡಬೇಕು. ಹವಾನಿಯಂತ್ರಣ ಸಹಿತ ದಿನಕ್ಕೆ 75,000 ತೆರಬಲ್ಲ ವಾಣಿಜ್ಯ ಮತ್ತು ಸರಕಾರಿ ಕಾರ್ಯಕ್ರಮಗಳು ವರ್ಷಕ್ಕೆ 80. ಚಲ ವೆಚ್ಚ 15,000 ಕಳೆದರೆ ಕೊಡುಗೆ 48 ಲಕ್ಷ. ಹವಾನಿಯಂತ್ರಣವಿಲ್ಲದೆ 20,000ಕ್ಕೆ ನಾಟಕ, ಯಕ್ಷಗಾನ, ಶಾಲಾ ವಾರ್ಷಿಕೋತ್ಸವಗಳು 160. ಚಲ ವೆಚ್ಚ 5,000 ಕಳೆದರೆ 24 ಲಕ್ಷ. ಪ್ರವಾಸಿಗರಿಗಾಗಿ ಬೆಳಗಿನ ಕಿರುಪ್ರದರ್ಶನಗಳು 40, ತಲಾ ಕೊಡುಗೆ 10,000ದಂತೆ 4 ಲಕ್ಷ. ಪಡಸಾಲೆಯ ಉಪಾಹಾರ ಮಂದಿರ ಮತ್ತು ಕರಕುಶಲ ಮಳಿಗೆಯ ಬಾಡಿಗೆ ತಿಂಗಳಿಗೆ 50,000ದಂತೆ 6 ಲಕ್ಷ. ಒಟ್ಟು 82 ಲಕ್ಷ. ಕೊರತೆ 8 ಲಕ್ಷ. ವಾಣಿಜ್ಯ ಕಾರ್ಯಕ್ರಮಗಳನ್ನೇ ನೆಚ್ಚಿ 90 ದಿನ ನಡೆಸಿದರೆ ಕೊಡುಗೆ 54 ಲಕ್ಷ; ಜನಸಂದಣಿ ಕಡಿಮೆಯಾದ್ದರಿಂದ ಉಪಾಹಾರ ಮಂದಿರದ ಬಾಡಿಗೆ 20,000ಕ್ಕೆ ಇಳಿದು ವರ್ಷಕ್ಕೆ 2 ಲಕ್ಷ 40 ಸಾವಿರ; ಕೊರತೆ 33 ಲಕ್ಷ 60 ಸಾವಿರ. ದುಬಾರಿ ಭವನವೇ ಹೆಚ್ಚು ನಷ್ಟದ ಭವನ.

ಇಲ್ಲೊಂದು ಕಟ್ಟಡದ ಪ್ರಶ್ನೆ ಅಡಗಿದೆ. ಹವಾನಿಯಂತ್ರಣವಿಲ್ಲದೆ ಬಾಡಿಗೆಗೆ ಕೊಡಬೇಕಾದರೆ ಸಭಾಂಗಣಕ್ಕೆ ಗಾಳಿ ಬರಬೇಕು. ಹಳೆಯ ವಿನ್ಯಾಸದ ಕಿಟಕಿ, ಜಾಲಂಧ್ರಗಳನ್ನು ನವೀಕರಣದ ವೇಳೆ ಶಾಶ್ವತವಾಗಿ ಮುಚ್ಚಿಬಿಟ್ಟರೆ 20,000ದ ಗಿರಾಕಿಯನ್ನು ಎಂದೆಂದಿಗೂ ಮುಚ್ಚಿದಂತೆಯೇ. ತೆರೆಯಬಲ್ಲ ಕವಾಟಗಳಿಗೆ ತಗಲುವ ಹೆಚ್ಚುವರಿ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿ ವಾಸ್ತುಶಿಲ್ಪಿ ಸೇರಿಸಿದಾಗ ಅದನ್ನು ಅನಾವಶ್ಯಕವೆಂದು ಹೊಡೆದುಹಾಕುವ ಲೆಕ್ಕಾಧಿಕಾರಿ ಈ ಸಂಗತಿಯನ್ನು ಗಮನಿಸಬೇಕು.

ಉಳಿಯುವ ಆ ಕೊರತೆಯನ್ನು ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. ಸಂವಿಧಾನದ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಪ್ರೋತ್ಸಾಹವನ್ನು ನಗರಾಡಳಿತಕ್ಕೆ ವಹಿಸಬಹುದಾದ ಕಾರ್ಯವೆಂದು ಪಟ್ಟಿ ಮಾಡಲಾಗಿದೆ. ಆಸ್ತಿ ತೆರಿಗೆಯ ಜೊತೆ ಶೇ. 6ರ ಗ್ರಂಥಾಲಯ ಉಪಕರವನ್ನು ನಾಗರಿಕರು ತೆರುತ್ತಲೇ ಇದ್ದಾರೆ. ಗ್ರಂಥಾಲಯ ಲಾಭ ಗಳಿಸಬೇಕೆಂದು ಯಾರೂ ಕೇಳುವುದಿಲ್ಲ. 2000ದ ದಶಕದಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ದ್ವಿನಮೂದು ಲೆಕ್ಕ ಪದ್ಧತಿಗೆ ಹೊರಳಿದವು. ಆದುದರಿಂದ ಭವನವೊಂದರ ಆದಾಯ, ವೆಚ್ಚ, ದುರಸ್ತಿ ನಿಧಿ ಮತ್ತು ಸಹಾಯಧನವನ್ನು ಪ್ರತ್ಯೇಕ ಪಟ್ಟಿಯಾಗಿ ವರ್ಷಕ್ಕೊಮ್ಮೆ ಪ್ರಕಟಿಸುವುದು ಕಷ್ಟಸಾಧ್ಯವಲ್ಲ. ದುರಸ್ತಿ ನಿಧಿ ಎಂಬ ಬಾಬ್ತು ಅದರಲ್ಲಿ ಇರಲೇಬೇಕು. ಅದಿಲ್ಲದ ಕಡೆ ಹತ್ತು ವರ್ಷಕ್ಕೊಮ್ಮೆ ಹೊಸ 'ನವೀಕರಣ' ಯೋಜನೆ ಬರುತ್ತದೆ, ಪ್ರತಿ ಬಾರಿಯೂ ಮೊದಲಿನಿಂದ.

ಪ್ರವಾಸಿಗರು: ಎಷ್ಟು ನೆಚ್ಚಬಹುದು

ನವ ಮಂಗಳೂರು ಬಂದರಿಗೆ ನವೆಂಬರ್‌ನಿಂದ ಏಪ್ರಿಲ್, ಮೇವರೆಗೆ ವಿಹಾರ ನೌಕೆಗಳು ಬರುತ್ತವೆ. ಬೆಳಿಗ್ಗೆ ಬಂದ ನೌಕೆ ಸಾಮಾನ್ಯವಾಗಿ ಸಂಜೆಯೊಳಗೆ ಹೊರಟುಬಿಡುತ್ತದೆ. ಆ ಕೆಲವು ಗಂಟೆಗಳಲ್ಲಿ ಪ್ರವಾಸಿಗರನ್ನು ಕುದ್ರೋಳಿ ಗೋಕರ್ಣನಾಥೇಶ್ವರ, ಸಂತ ಅಲೋಶಿಯಸ್ ಪ್ರಾರ್ಥನಾಲಯ, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಎಂದು ಸುತ್ತಿಸಲಾಗುತ್ತದೆ. ಹಂಪನಕಟ್ಟೆ ಈ ದಾರಿಯಲ್ಲೇ ಇದೆ. ಬಸ್ಸು ಇಲ್ಲಿ ನಿಲ್ಲುವುದಕ್ಕೆ ಕಾರಣವೊಂದು ಬೇಕು. ಪುರಭವನದಲ್ಲಿ ಬೆಳಿಗ್ಗೆ ನಲವತ್ತು ನಿಮಿಷದ ಯಕ್ಷಗಾನ, ಅದಕ್ಕೂ ಮುನ್ನ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡುವ ಅವಕಾಶ, ಪಡಸಾಲೆಯಲ್ಲಿ ಕೈಮಗ್ಗದ ಸೀರೆ, ಗೇರುಬೀಜ, ಮಲ್ಲಿಗೆ, ಆಮೇಲೆ ಮಾರ್ಕೆಟ್ ರಸ್ತೆಯ ಕಡೆಗೆ ಒಂದು ನಡಿಗೆ. 1975ರಲ್ಲಿ ಅದೇ ರಸ್ತೆಯಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮ್ ಇಂದು ಊರಿನ ಗುರುತುಗಳಲ್ಲೊಂದಾಗಿದೆ ಎಂಬುದನ್ನು ಹೊರಗಿನಿಂದ ಬಂದ ಯಾವ ಬಂಧುವೂ ದೃಢಪಡಿಸಿಯಾನು.

ಆದರೆ ನೌಕೆ ಬರುವ ದಿನಗಳು ವರ್ಷದಲ್ಲಿ ಕೆಲವೇ. ಬಾರದ ವರ್ಷಗಳೂ ಇದ್ದವು ಎಂಬುದನ್ನು ಕೊರೋನಾ ಕಲಿಸಿದೆ. ಮೇಲಿನ ಕಲ್ಪಿತ ಲೆಕ್ಕದಲ್ಲೂ ಪ್ರವಾಸಿಗರ ಪಾಲು 82 ಲಕ್ಷದಲ್ಲಿ 4 ಲಕ್ಷ ಮಾತ್ರ. ಪ್ರವಾಸೋದ್ಯಮವನ್ನು ಭವನದ ಬೆನ್ನೆಲುಬೆಂದು ಭಾವಿಸಿ ವಿನ್ಯಾಸ ಮಾಡಿದರೆ ಊರವರೂ ಇಲ್ಲ, ಪ್ರವಾಸಿಗರೂ ಇಲ್ಲ ಎಂಬ ಸ್ಥಿತಿ ಒದಗಬಹುದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಪ್ರಕರಣ ಇಲ್ಲಿ ಪ್ರಸ್ತುತ. 1970ರ ದಶಕದ ಆ ಆಧುನಿಕ ಶೈಲಿಯ ಸರಕಾರಿ ಕಟ್ಟಡವನ್ನು ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಡಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು 2015ರಲ್ಲಿ ಒಡಂಬಡಿಕೆಯಾದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಖಾಸಗಿಯವರ ಉದ್ದೇಶದ ಬಗ್ಗೆ ಶಂಕೆಗಿಂತ ಹೆಚ್ಚಾಗಿ, ಕಡಿಮೆ ಬಾಡಿಗೆಗೆ ಸಾಮಾನ್ಯ ಕಲಾವಿದನಿಗೆ ಸಿಗುತ್ತಿದ್ದ ಗೋಡೆ ಕೈತಪ್ಪೀತೆಂಬ ಆತಂಕ ಅಲ್ಲಿತ್ತು. ಆ ಯೋಜನೆ ಕೈಗೂಡಲಿಲ್ಲ. ಆ ಪ್ರತಿಷ್ಠಾನದವರು ಅದೇ ರಸ್ತೆಯಲ್ಲಿ ತಮ್ಮದೇ ಸಂಗ್ರಹಾಲಯವನ್ನು ಕಟ್ಟಿ 2023ರಲ್ಲಿ ತೆರೆದರು. ಖಾಸಗಿ ಸಹಭಾಗಿತ್ವ ಬೇಡವೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಊರವರಿಗೆ ಕಾಯ್ದಿಡುವ ದಿನಗಳೆಷ್ಟು, ಯಾವ ದರಕ್ಕೆ ಎಂಬುದು ಅದರಲ್ಲಿ ಬರೆಯಲ್ಪಟ್ಟಿರಬೇಕು ಎಂಬುದು ಸಿದ್ಧವಾಗುತ್ತದೆ.

ವ್ಯಾಪಾರಿಗಳ ಪಾಲು

ತುಳು ನಾಟಕವೊಂದಕ್ಕೆ ಸಭಾಂಗಣ ತುಂಬಿದ ಸಂಜೆಯ ಹಣದ ಹರಿವನ್ನು ಯಾರಾದರೂ ಹಿಂಬಾಲಿಸಿದರೆ ಅದು ಟಿಕೆಟ್ ಕಿಟಕಿಯಲ್ಲಿ ನಿಲ್ಲುವುದಿಲ್ಲ. ಕರಪತ್ರ, ಫ್ಲೆಕ್ಸ್ ಮುದ್ರಿಸುವವರು, ವೇಷಭೂಷಣ ಬಾಡಿಗೆಗೆ ಕೊಡುವವರು, ಧ್ವನಿವರ್ಧಕ ಮತ್ತು ಬೆಳಕಿನವರು, ಹೂವಿನ ವ್ಯಾಪಾರಿ, ಸನ್ಮಾನದ ಶಾಲು, ಫಲಕ ಮಾರುವವರು, ಹೋಟೆಲು, ರಿಕ್ಷಾ, ಇವರೆಲ್ಲರ ಕಿಸೆಗೂ ಒಂದಿಷ್ಟು ಸೇರುತ್ತದೆ. ಇವರಲ್ಲಿ ಹೆಚ್ಚಿನವರು ಸಣ್ಣ ಉದ್ದಿಮೆದಾರರು. ಹಂಪನಕಟ್ಟೆ, ಭವಂತಿ ರಸ್ತೆ, ಕೆ.ಎಸ್. ರಾವ್ ರಸ್ತೆಗಳ ಆಸುಪಾಸಿನವರು. ಸಂಜೆ ಏಳರ ಮೇಲೆ ಪೇಟೆಯ ದೀಪ ಉರಿಯುವುದು ಇಂಥ ಕಾರ್ಯಕ್ರಮಗಳಿಂದ.

ಹಾಗಿರುವಾಗ ಭವನದ ನಿರ್ವಹಣೆಯಲ್ಲಿ ವ್ಯಾಪಾರಿ ಸಮುದಾಯದ ಪಾಲುಗಾರಿಕೆ ಔದಾರ್ಯವಲ್ಲ, ಹೂಡಿಕೆ. ಕಂಪನಿ ಕಾಯಿದೆ 2013ರ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಪುನರುದ್ಧಾರ ಮತ್ತು ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಅಂಗೀಕರಿಸಲಾಗಿದೆ. ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಗೂ ಸರಾಸರಿ ಲಾಭದ ಶೇ. 2ರ ಈ ಬಾಧ್ಯತೆಯಿದೆ. ಜಿಲ್ಲೆಯ ಬಹುತೇಕ ಸಣ್ಣ ಉದ್ದಿಮೆಗಳಿಗೆ ಇದು ಅನ್ವಯಿಸದು. ಅನ್ವಯಿಸುವ ಕೆಲವಕ್ಕೆ ಅರವತ್ತರ ಹರೆಯದ ಕಾಂಕ್ರೀಟ್ ಕಟ್ಟಡ 'ಐತಿಹಾಸಿಕ'ವೇ ಎಂಬ ಸಂದೇಹ ಬಂದರೆ, ಸಾಂಪ್ರದಾಯಿಕ ಕಲೆಯ ಬಾಬ್ತಿನಡಿ ಯಕ್ಷಗಾನ ಪ್ರದರ್ಶನಗಳನ್ನು ಪ್ರಾಯೋಜಿಸುವ ದಾರಿಯಿದೆ. ಈ ವೆಚ್ಚವನ್ನು ವ್ಯಾವಹಾರಿಕ ಖರ್ಚೆಂದು ಆದಾಯದಿಂದ ಕಳೆಯಲು ಬಾರದೆಂಬುದನ್ನು ಮಾತ್ರ ಮರೆಯಬಾರದು. ಸಣ್ಣ ವ್ಯಾಪಾರಿ ಕಾರ್ಯಕ್ರಮದ ಫಲಕದಲ್ಲಿ ತನ್ನ ಅಂಗಡಿಯ ಜಾಹೀರಾತು ಹಾಕಿಸಿದರೆ ಅದು ಶುದ್ಧ ಜಾಹೀರಾತು ವೆಚ್ಚ, ಕಳೆಯಬಹುದು.

ಸರಕು ಮತ್ತು ಸೇವಾ ತೆರಿಗೆಯಲ್ಲೂ ಒಂದೆರಡು ಅಂಶಗಳು ಗಮನಾರ್ಹ. ನವೀಕರಣದ ಗುತ್ತಿಗೆಗೆ ಶೇ. 18 ತೆರಿಗೆ ಬೀಳುತ್ತದೆ; ಸ್ಥಿರಾಸ್ತಿಯ ಬಂಡವಾಳ ವೆಚ್ಚವಾಗಿ ಪರಿಗಣಿತವಾದಷ್ಟರ ಮಟ್ಟಿಗೆ ಅದರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅಂದರೆ ಒಂದು ಕೋಟಿಯ ಕಾಮಗಾರಿಯ ನಿಜವಾದ ಬೆಲೆ ಒಂದು ಕೋಟಿ ಹದಿನೆಂಟು ಲಕ್ಷ. ಇನ್ನೊಂದೆಡೆ, ನಾಟಕ, ನೃತ್ಯ, ಸಂಗೀತ ಪ್ರದರ್ಶನಗಳ ಪ್ರವೇಶದರ ತಲಾ 500 ರೂಪಾಯಿ ಮೀರದಿದ್ದರೆ ತೆರಿಗೆಯಿಲ್ಲ. ಜಾನಪದ ಅಥವಾ ಶಾಸ್ತ್ರೀಯ ಕಲಾವಿದರ ಸಂಭಾವನೆ ಪ್ರದರ್ಶನಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೂ ವಿನಾಯಿತಿಯಿದೆ. ಬೆಳಗಿನ ಪ್ರವಾಸಿ ಪ್ರದರ್ಶನಕ್ಕೆ 500 ರೂಪಾಯಿಯೊಳಗಿನ ದರ ನಿಗದಿಪಡಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸ್ಮಾರ್ಟ್ ಸಿಟಿ ಅಭಿಯಾನದ ಪಟ್ಟಿಗೆ ಮಂಗಳೂರು 2016ರ ಸೆಪ್ಟೆಂಬರ್‌ನಲ್ಲಿ ಸೇರಿತ್ತು. ಅಭಿಯಾನವು 2025ರ ಮಾರ್ಚ್ 31ರಂದು ಮುಕ್ತಾಯಗೊಂಡಿತು. ಅದರಡಿ ಎದ್ದ, ದುರಸ್ತಿಯಾದ ಕಟ್ಟಡಗಳ ನಿರ್ವಹಣೆ ಇನ್ನು ಮುಂದೆ ಸ್ಥಳೀಯ ಆದಾಯದಿಂದಲೇ ನಡೆಯಬೇಕು. ದೆಹಲಿಯಿಂದ ಬಂದ ಹಣದಲ್ಲಿ ಕಟ್ಟಿದ್ದಕ್ಕೆ ವಿದ್ಯುತ್ ಬಿಲ್ಲು ದೆಹಲಿಗೆ ಹೋಗುವುದಿಲ್ಲ.

ಮೇ ತಿಂಗಳ ಕೊನೆಯ ವಾರದಲ್ಲಿ, ಪತ್ತನಾಜೆಯಂದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ದೀಪಾವಳಿಯ ನಂತರದವರೆಗೆ ಬಯಲಾಟಗಳಿಲ್ಲ. ಆ ಐದಾರು ತಿಂಗಳು ಕಲಾವಿದರಿಗೆ ಕೆಲಸ ಸಿಗುವುದು ಛಾವಣಿಯ ಕೆಳಗಿನ ಮಳೆಗಾಲದ ಪ್ರದರ್ಶನಗಳಲ್ಲಿ. ಇಡೀ ರಾತ್ರಿಯ ಆಟಗಳು ಕಾಲಮಿತಿಗೆ ಹೊರಳುತ್ತಿರುವುದರಿಂದ ಸಂಜೆಯೊಂದರಲ್ಲಿ ಮುಗಿಯುವ ಪ್ರಸಂಗಗಳಿಗೆ ಪ್ರೇಕ್ಷಕರೂ ಇದ್ದಾರೆ. ವಾಣಿಜ್ಯ ಸಮ್ಮೇಳನಗಳು, ವಿಹಾರ ನೌಕೆಗಳು, ಮದುವೆಗಳು ಎಲ್ಲವೂ ವಿರಳವಾಗಿರುವ, ಭವನದ ಸಂಜೆಗಳು ಅತ್ಯಂತ ಅಗ್ಗವಾಗಬೇಕಾದ ಕಾಲವೂ ಅದೇ. ಮಳೆಗಾಲದ ನಾಲ್ಕು ತಿಂಗಳಿಗೆ ಪ್ರತ್ಯೇಕ ದರಪಟ್ಟಿಯನ್ನು ಮಾರ್ಚ್ ತಿಂಗಳೊಳಗೆ ಪ್ರಕಟಿಸಿದರೆ, ಸಂಘಟಕರು ಪ್ರಾಯೋಜಕರನ್ನು ಹುಡುಕಲು ಎರಡು ತಿಂಗಳು ದೊರೆಯುತ್ತದೆ. ಛಾವಣಿ ಸೋರದಂತೆ ನೋಡಿಕೊಳ್ಳಲು ಪಾಲಿಕೆಗೂ ಅಷ್ಟೇ ಸಮಯ ಸಿಗುತ್ತದೆ.